ಕಿವಿರಕ್ಕನ ಐದನೇ ಮೀನು

ಬೆಳಗಿನ ಐದೂವರೆ. ಸೂರ್ಯನಿಗೆ ಇನ್ನೂ ಹಾಸಿಗೆ ಬಿಡುವ ಮನಸ್ಸಿಲ್ಲ. ಮೀನುಮರಿ ಕೇಂದ್ರದ ತಗಡಿನ ಸೂರಿನ ಕೆಳಗೆ ಹತ್ತು ಸಿಮೆಂಟು ತೊಟ್ಟಿಗಳು ಎರಡು ಸಾಲಾಗಿವೆ. ಮೂಲೆಯಲ್ಲಿ ಗಾಳಿ ಪಂಪು ಗೊರಗೊರ ಅನ್ನುತ್ತಿದೆ. ಆರನೇ ತೊಟ್ಟಿಯ ಪಕ್ಕ ಮಂಡಿಯೂರಿದ ಹೆಂಗಸೊಬ್ಬರು ಬಲಗೈಯನ್ನು ಮಣಿಕಟ್ಟಿನವರೆಗೆ ನೀರಿನಲ್ಲಿ ಅದ್ದಿ ಸುಮ್ಮನೆ ಕೂತಿದ್ದಾರೆ. ಮಂಡಿವರೆಗಿನ ರಬ್ಬರ್ ಬೂಟು, ಗಂಡನ ಹಳೆಯ ಅಂಗಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ. ಬೆರಳುದ್ದದ ಮರಿಗಳು ಬಂದು ಅವರ ಕೈಗೆ ಮೂತಿ ಒತ್ತಿ ಓಡಿಹೋಗುತ್ತವೆ. "ತಪ್ಪು ತಿಳ್ಕೋಬೇಡ್ರಪ್ಪ," ಎಂದು ಮೆಲ್ಲಗೆ ಹೇಳಿ ಅವರು ಹಳದಿ ಬಟ್ಟೆ ಕಟ್ಟಿದ ಕೈಬಲೆಯನ್ನು ನೀರಿಗಿಳಿಸುತ್ತಾರೆ.

ನಾಲ್ಕು ಮರಿಗಳನ್ನು ಕಣ್ಣು ಮುಚ್ಚಿಯೇ ಹಿಡಿಯುತ್ತಾರೆ, ಸಿಕ್ಕಿದವು ಸಿಕ್ಕಲಿ ಎಂದು. ಐದನೆಯದಕ್ಕೆ ಮಾತ್ರ ಎದ್ದು ನಿಂತು ತೊಟ್ಟಿಯನ್ನು ಮೂರು ಸುತ್ತು ಹಾಕುತ್ತಾರೆ. ನೀರು ಬೀಳುವ ಕೊಳವೆಯ ಕೆಳಗೆ, ಎಲ್ಲರಿಂದ ದೂರ, ಒಂದು ಮರಿ ಬಾಯಿ ತೆರೆದು ನಿಂತಿದೆ. ನಡುನಡುವೆ ಮೈಯನ್ನು ಗೋಡೆಗೆ ಉಜ್ಜುತ್ತದೆ. "ಬಾ ಮಗಾ, ನೀನೇ ಹೇಳಬೇಕು," ಎಂದು ಅದನ್ನು ಎತ್ತಿಕೊಳ್ಳುತ್ತಾರೆ.

ಇವರು ಕಿವಿರಕ್ಕ. ಮೀನು ಉಸಿರಾಡುವ ಕಿವಿರನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಾ ಬಂದವರಿಗೆ ಇಲ್ಲಿಯವರು ಇಟ್ಟ ಹೆಸರು ಅದು. ಕಚೇರಿಯ ಕಡತದಲ್ಲಿ ಅವರು 'ತೊಟ್ಟಿ ಸ್ವಚ್ಛತಾ ಸಿಬ್ಬಂದಿ'. ಕಡತದ ಮಾತು ಕಡತದಲ್ಲೇ ಇರಲಿ. ಈ ಕೇಂದ್ರದಿಂದ ಹೊರಡುವ ಒಂದೇ ಒಂದು ಮರಿಯೂ ಈ ಹೆಂಗಸು ತಲೆಯಾಡಿಸದೆ ಗೇಟು ದಾಟುವುದಿಲ್ಲ. ಊಟದ ತಟ್ಟೆಯಲ್ಲಿ ಮೀನು ಬಡಿಸಿಕೊಳ್ಳುವ ನಾವ್ಯಾರೂ ಅವರನ್ನು ಕಂಡಿಲ್ಲ. ಕಂಡಿದ್ದರೆ ಎದ್ದು ನಿಂತು ಒಂದು ನಮಸ್ಕಾರವನ್ನಾದರೂ ಹಾಕುತ್ತಿದ್ದೆವು.

ತೊಟ್ಟಿಗಳ ಹಿಂದೆ ಒಂದು ಪುಟ್ಟ ಕೋಣೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಬಟ್ಟೆ ಮುಚ್ಚಿದ ಹಳೆಯ ಮೈಕ್ರೋಸ್ಕೋಪು. ಅದರ ಕುತ್ತಿಗೆಗೆ ಸುತ್ತಿದ ಟೇಪು ಮಾಸಿ ಕಂದಾಗಿದೆ. ಒಂದು ಬಟ್ಟಲು, ಎರಡು ಸೂಜಿ, ಸಣ್ಣ ಕತ್ತರಿ, ಗಾಜಿನ ಪಟ್ಟಿಗಳು, ಒಂದು ಅಲಾರಾಂ ಗಡಿಯಾರ. ಮರಿಯ ತಲೆಯ ಹಿಂದೆ ಸೂಜಿಯಿಂದ ಒಂದೇ ಚುಚ್ಚು. ಅಷ್ಟರಲ್ಲಿ ಅದರ ಕೆಲಸ ಮುಗಿಯುತ್ತದೆ. ಆಮೇಲೆ ಕಿವಿರಿನ ಮುಚ್ಚಳ ಎತ್ತಿ, ಒಳಗಿನ ಕೆಂಪು ಬಾಚಣಿಗೆಯಂಥ ಎಳೆಗಳನ್ನು ಕತ್ತರಿಸಿ, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡುತ್ತಾರೆ. ಕೈ ಒಂದಿಷ್ಟೂ ನಡುಗುವುದಿಲ್ಲ.

ಅವರು ಹುಡುಕುವುದು ಒಂದು ಚಪ್ಪಟೆ ಹುಳುವನ್ನು. ಉದ್ದ ಅಳೆದರೆ ಸಾಸಿವೆ ಕಾಳಿನ ಕಾಲು ಭಾಗ. ತಲೆಯ ಕಡೆ ನಾಲ್ಕು ಕಪ್ಪು ಚುಕ್ಕೆಗಳು, ಅವೇ ಕಣ್ಣು. ಬಾಲದ ಕಡೆ ಕೊಕ್ಕೆಗಳು. ಕೊಕ್ಕೆಯನ್ನು ಕಿವಿರಿಗೆ ನೆಟ್ಟು, ಮೈಯನ್ನು ಎಳೆದು ಕುಗ್ಗಿಸಿ, ಅಲ್ಲೇ ಮೇಯುತ್ತದೆ. ಒಂದೆರಡು ಹುಳು ಇದ್ದರೆ ಮೀನಿಗೆ ಅದರ ಪರಿವೆಯೂ ಇರುವುದಿಲ್ಲ. ಹೊಳೆಯ ಮೀನುಗಳೆಲ್ಲ ಹೀಗೆ ಒಬ್ಬಿಬ್ಬರು ಬಾಡಿಗೆದಾರರನ್ನು ಇಟ್ಟುಕೊಂಡೇ ಆಯುಷ್ಯ ಕಳೆಯುತ್ತವೆ. ತೊಟ್ಟಿಯಲ್ಲಿ ಹಾಗಲ್ಲ. ಎಂಟು ಸಾವಿರ ಮರಿಗಳು ಮೈಗೆ ಮೈ ತಾಗಿಸಿಕೊಂಡು ಇರುವಾಗ ಹುಳುವಿಗೆ ಹಬ್ಬವೋ ಹಬ್ಬ. ಇಟ್ಟ ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ, ಹೊಸ ಹುಳು ಈಜಿ ಪಕ್ಕದ ಮೀನಿನ ಕಿವಿರು ಸೇರುತ್ತದೆ. ಹತ್ತೇ ದಿನದಲ್ಲಿ ತೊಟ್ಟಿಗೆ ತೊಟ್ಟಿಯೇ ಉಸಿರುಗಟ್ಟಿ ಮೇಲೆ ತೇಲಬಹುದು.

ಈ ಬೆಳಗಿನ ಲೆಕ್ಕ ಹೀಗಿದೆ. ಮೊದಲನೇ ಮೀನಿನಲ್ಲಿ ಸೊನ್ನೆ. ಎರಡನೆಯದರಲ್ಲಿ ಸೊನ್ನೆ. ಮೂರನೆಯದರಲ್ಲಿ ಎರಡು. ನಾಲ್ಕನೆಯದರಲ್ಲಿ ಸೊನ್ನೆ. ಐದನೆಯದನ್ನು ಎಣಿಸುತ್ತಾ ಕಿವಿರಕ್ಕನ ತುಟಿಗಳು ಅಲುಗುತ್ತಲೇ ಇವೆ. ಗಾಜನ್ನು ತಿರುಗಿಸಿಟ್ಟು ಮತ್ತೆ ಎಣಿಸುತ್ತಾರೆ. ಹತ್ತೊಂಬತ್ತು.

"ಅಯ್ಯೋ ದೇವರೇ," ಎಂದು ಕುರ್ಚಿಗೆ ಒರಗುತ್ತಾರೆ. "ಇವತ್ತೇ ಆಗಬೇಕಿತ್ತಾ ಇದು?"

ಯಾಕೆಂದರೆ ಆರನೇ ತೊಟ್ಟಿಯ ಮರಿಗಳು ಎಂಟು ಗಂಟೆಗೆ ಹೊರಡಬೇಕು. ಅವುಗಳನ್ನು ಒಯ್ಯಲು ಬಂದ ಕೊಳದ ಯಜಮಾನ ಗೇಟಿನ ಹೊರಗೆ ಲಾರಿಯಲ್ಲಿ ಕೂತಿದ್ದಾನೆ. ನಲವತ್ತರ ಆಸುಪಾಸಿನ, ಮಾತಿಗೆ ಮೊದಲೇ ನಗುವ ಮನುಷ್ಯ. ಎರಡು ವರ್ಷದ ಹಿಂದೆ ಇನ್ನೆಲ್ಲಿಂದಲೋ ತಂದ ಮರಿಗಳನ್ನು ಕೊಳಕ್ಕೆ ಬಿಟ್ಟು, ಮೂರೇ ವಾರದಲ್ಲಿ ಎಲ್ಲವನ್ನೂ ಕಳೆದುಕೊಂಡವನು. ಹೋದ ವರ್ಷ ಕೊಳ ಖಾಲಿ ಬಿದ್ದಿತ್ತು. ಈ ಸಲ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾಳೆ: ಇದೂ ಕೈಕೊಟ್ಟರೆ ಕೊಳಕ್ಕೆ ಮಣ್ಣು ತುಂಬಿಸಿ ಮುಚ್ಚಿಬಿಡೋಣ. ಅವನ ಅಪ್ಪ ಸ್ವಂತ ಕೈಯಿಂದ ಅಗೆದ ಕೊಳ ಅದು. ಇನ್ನು ಹದಿನೈದು ದಿನ ಕಳೆದರೆ ಚಳಿ ಶುರು. ನೀರು ತಣ್ಣಗಾದ ಮೇಲೆ ಬಿಟ್ಟ ಮರಿ ಬೆಳೆಯುವುದಿಲ್ಲ.

ಕೇಂದ್ರದ ಅಧಿಕಾರಿ ಬಂದು ಎರಡು ವರ್ಷವಾಗಿರುವ ತರುಣಿ. ಎಲ್ಲರೂ ಮೇಡಂ ಅನ್ನುತ್ತಾರೆ. ಒಳ್ಳೆಯವರು, ಓದಿದವರು, ಕಿವಿರಕ್ಕನನ್ನು ಕಂಡರೆ ಗೌರವ ಇರುವವರು. ಎಣಿಕೆಯ ಹಾಳೆ ನೋಡಿ ಪೆನ್ನು ಕೈಗೆತ್ತಿಕೊಳ್ಳುತ್ತಾರೆ.

"ಒಟ್ಟು ಇಪ್ಪತ್ತೊಂದು, ಐದು ಮೀನಿಗೆ. ಸರಾಸರಿ ನಾಲ್ಕು ಚಿಲ್ಲರೆ ಆಗುತ್ತೆ ಅಕ್ಕ. ಮಿತಿ ಐದು. ಕಳಿಸಬಹುದಲ್ವಾ?"

"ಆ ಐದನೇ ಮೀನಿಗೆ ಸರಾಸರಿ ಅಂದ್ರೆ ಏನಂತ ಗೊತ್ತಾ ಮೇಡಂ? ಅದರ ಮೈಮೇಲೆ ಇದ್ದಿದ್ದು ಹತ್ತೊಂಬತ್ತು."

"ಅದನ್ನ ನೀವು ಬೇಕಂತಲೇ ಹುಡುಕಿ ತಂದಿದ್ದು. ನಿಯಮದ ಪ್ರಕಾರ ಐದೂ ಸಿಕ್ಕಿದ್ದನ್ನೇ ಹಿಡೀಬೇಕು."

"ಹೌದು, ಬೇಕಂತಲೇ. ಹುಷಾರಿಲ್ಲದೋರನ್ನ ಬಿಟ್ಟು ಗಟ್ಟಿಮುಟ್ಟಾದೋರನ್ನ ಸಾಲಾಗಿ ನಿಲ್ಲಿಸಿ 'ಹೇಗಿದ್ದೀರಾ' ಅಂತ ಕೇಳಿದ್ರೆ ಎಲ್ಲರೂ ಚೆನ್ನಾಗಿದ್ದೀವಿ ಅಂತಾನೇ ಅಂತಾರೆ. ಆ ಕೊಳವೆ ಕೆಳಗೆ ಅಂಥವು ಇನ್ನೂ ಎಷ್ಟಿವೆಯೋ. ಚೀಲದಲ್ಲಿ ತುಂಬಿ ನಾಲ್ಕು ಗಂಟೆ ದಾರಿ. ಮೊದಲು ಅವು ಹೋಗ್ತಾವೆ, ಆಮೇಲೆ ಉಳಿದವು ಕೊಳಕ್ಕೆ ಹುಳು ಹೊತ್ಕೊಂಡು ಹೋಗ್ತಾವೆ. ಬೇಡ ಮೇಡಂ. ಇವತ್ತು ಬೇಡ."

ಮೇಡಂ ಪೆನ್ನಿನ ಮುಚ್ಚಳ ಹಾಕುತ್ತಾರೆ. ನಿಯಮ ಅವರ ಕಡೆಗಿದೆ, ಸಹಿಯೂ ಅವರದೇ. ಆದರೂ ಅವರು ಲಾರಿಯ ಕಡೆ ನೋಡಿ, "ಅವರಿಗೆ ಯಾರು ಹೇಳೋದು?" ಎಂದಷ್ಟೇ ಕೇಳುತ್ತಾರೆ.

ಹೇಳುವ ಕೆಲಸವೂ ಕಿವಿರಕ್ಕನದೇ. ಕೊಳದ ಯಜಮಾನ ಮೊದಲು ನಂಬುವುದಿಲ್ಲ, ಆಮೇಲೆ ಸಿಡುಕುತ್ತಾನೆ. "ಅಕ್ಕಾ, ಲಾರಿ ತಂದಿದ್ದೀನಿ! ಕೊಳಕ್ಕೆ ನೀರು ತುಂಬಿಸಿದ್ದೀನಿ! ಮನೇಲಿ ಏನಂತ ಹೇಳ್ಲಿ? ಕಣ್ಣಿಗೇ ಕಾಣದ ಹುಳಕ್ಕೆ ಹೆದರಿ ವಾಪಸ್ ಬಂದೆ ಅಂತನಾ?"

ಕಿವಿರಕ್ಕ ವಾದ ಮಾಡುವುದಿಲ್ಲ. ಅವನ ತೋಳು ಹಿಡಿದು ಕೋಣೆಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, "ಒಂದು ಕಣ್ಣು ಮುಚ್ಚು. ಇಲ್ಲಿ ನೋಡು," ಅನ್ನುತ್ತಾರೆ. ಅವನು ಬಗ್ಗುತ್ತಾನೆ.  ಆಮೇಲೆ ಬೆಚ್ಚಿಬಿದ್ದವನಂತೆ ಹಿಂದೆ ಸರಿಯುತ್ತಾನೆ.

"ಅಯ್ಯಪ್ಪಾ! ಇದು ನನ್ನನ್ನೇ ದಿಟ್ಟಿಸಿ ನೋಡ್ತಿದೆಯಲ್ಲಾ! ನಾಲ್ಕು ಕಣ್ಣು!"

"ನಿನ್ನನ್ನ ನೋಡ್ತಿಲ್ಲಪ್ಪ, ನಿನ್ನ ಕೊಳಕ್ಕೆ ದಾರಿ ಎಲ್ಲಿ ಅಂತ ನೋಡ್ತಿದೆ. ಕರ್ಕೊಂಡು ಹೋಗ್ತೀಯಾ?"

ಅವನು ಮತ್ತೆ ಬಗ್ಗಿ ನೋಡುತ್ತಾನೆ. ಎರಡು ವರ್ಷದ ಹಿಂದೆ ತನ್ನ ಕೊಳವನ್ನು ಬರಿದು ಮಾಡಿದ್ದು ಯಾರೆಂದು ಅವನು ನೋಡುತ್ತಿರುವುದು ಇದೇ ಮೊದಲು. "ಎಷ್ಟು ದಿನ ಬೇಕು?" ಎಂದು ಕೇಳಿದಾಗ ಅವನ ದನಿಯಲ್ಲಿ ಸಿಡುಕಿಲ್ಲ.

"ಒಂಬತ್ತು ದಿನ. ಇವತ್ತೊಂದು ಔಷಧಿ ಸ್ನಾನ, ಎಂಟನೇ ದಿನ ಇನ್ನೊಂದು. ಔಷಧಿಗೆ ಹುಳು ಸಾಯುತ್ತೆ, ಮೊಟ್ಟೆ ಸಾಯಲ್ಲ. ಮೊಟ್ಟೆಯೆಲ್ಲ ಒಡೆದು ಮರಿ ಹೊರಗೆ ಬರಲಿ ಅಂತ ಕಾಯಬೇಕು. ಬಂದ ಮೇಲೆ ಹಿಡೀಬೇಕು."

"ಅಷ್ಟರೊಳಗೆ ಚಳಿ ಬಂದ್ರೆ?"

"ಚಳಿ ಬಂದ್ರೆ ನನ್ನ ಬೈದ್ಕೋ. ಹುಳು ಬಂದ್ರೆ ಯಾರನ್ನ ಬೈತೀಯಾ?"

ಖಾಲಿ ಲಾರಿ ಹಿಂದಿರುಗುತ್ತದೆ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಕಿವಿರಕ್ಕ ಗೇಟಿನ ಬಳಿ ನಿಂತಿರುತ್ತಾರೆ.

ಇಷ್ಟು ಗಟ್ಟಿಯಾಗಿ 'ಬೇಡ' ಅನ್ನಲು ಅವರು ಕಲಿತದ್ದು ಸುಲಭದಲ್ಲಲ್ಲ. ಆ ಕತೆಯನ್ನು ಅವರು ತೊಟ್ಟಿ ಉಜ್ಜುತ್ತಾ, ಮುಖ ತೋರಿಸದೆ ಹೇಳುತ್ತಾರೆ. ಇಲ್ಲಿಗೆ ಬಂದಾಗ ಅವರ ಕೆಲಸ ಬ್ರಷ್ಷು ಬಕೆಟ್ಟುಗಳದು ಮಾತ್ರ. ಆಗ ಇಲ್ಲಿದ್ದ ಮೀನು ಡಾಕ್ಟರು, ಹೆಚ್ಚು ಮಾತಿಲ್ಲದ ವಯಸ್ಸಾದ ಮನುಷ್ಯ, ಈ ಹೆಂಗಸಿನ ಕಣ್ಣು ಚುರುಕಾಗಿರುವುದನ್ನು ಗಮನಿಸಿ ಮೈಕ್ರೋಸ್ಕೋಪು ನೋಡುವುದನ್ನು ಹೇಳಿಕೊಟ್ಟರು. ಮೂರನೇ ತಿಂಗಳಿಗೆ ಡಾಕ್ಟರು ವಾರದ ಮಟ್ಟಿಗೆ ಊರಿಗೆ ಹೋದಾಗ ತೊಟ್ಟಿಗಳ ಜವಾಬ್ದಾರಿ ಇವರ ತಲೆಗೆ ಬಂತು.

"ನನಗೆ ಬದುಕಿರೋ ಮರೀನ ಕೊಲ್ಲೋಕೆ ಕೈ ಬರ್ತಿರಲಿಲ್ಲ," ಎಂದು ಕಿವಿರಕ್ಕ ನೆನೆಯುತ್ತಾರೆ. "ಹೇಗೂ ದಿನಾ ಒಂದೆರಡು ಸತ್ತು ತೇಲ್ತಿದ್ವಲ್ಲ, ಅವನ್ನೇ ತೆಗೆದು ನೋಡಿದ್ರಾಯ್ತು, ಪಾಪ, ಒಂದು ಜೀವ ಉಳಿಯುತ್ತೆ ಅಂದ್ಕೊಂಡೆ. ಐದು ಸತ್ತ ಮೀನು ನೋಡಿದೆ. ಐದರಲ್ಲೂ ಒಂದು ಹುಳುವೂ ಇಲ್ಲ! ತೊಟ್ಟಿ ಶುದ್ಧ ಅಂತ ಬರೆದುಬಿಟ್ಟೆ. ಎಷ್ಟು ಖುಷಿ ನನಗೆ!"

ಮೀನು ಸತ್ತರೆ ಹುಳು ಅದರ ಮೇಲೆ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಉಸಿರು ನಿಂತ ಕಿವಿರನ್ನು ಬಿಟ್ಟು ಅದು ಕಳಚಿಕೊಳ್ಳುತ್ತದೆ, ಇಲ್ಲವೇ ತಾನೂ ಸಾಯುತ್ತದೆ. ಕೊಳವೆಯ ಕೆಳಗೆ ಬಾಯಿ ತೆರೆದು ನಿಂತಿದ್ದ ಮರಿಗಳನ್ನು ಅವರು ನೋಡಿದ್ದರು. ಹುಷಾರಿಲ್ಲದವನ್ನು ಯಾಕೆ ಗೋಳು ಹುಯ್ದುಕೊಳ್ಳುವುದೆಂದು ಮುಟ್ಟಿರಲಿಲ್ಲ. ಆ ತೊಟ್ಟಿಯ ಮರಿಗಳು ಮೂರು ಕೊಳಗಳಿಗೆ ಹೋದವು. ಹದಿನೆಂಟು ದಿನ ಕಳೆದ ಮೇಲೆ ಒಬ್ಬ ಮುದುಕಿ ಬಕೆಟ್ಟು ಹಿಡಿದು ನಡೆದು ಬಂದಳು. ಅದರಲ್ಲಿ ಹನ್ನೊಂದು ಮೀನು. "ಇಷ್ಟು ಉಳಿದಿವೆಯಮ್ಮ, ಇವಾದ್ರೂ ಬದುಕುತ್ವಾ ನೋಡು," ಎಂದು ಇವರ ಕೈಗೇ ಕೊಟ್ಟಳು. ಬೈಯಲಿಲ್ಲ, ಅಳಲಿಲ್ಲ.

"ಬೈದಿದ್ರೆ ಚೆನ್ನಾಗಿರ್ತಿತ್ತು," ಎನ್ನುತ್ತಾರೆ ಕಿವಿರಕ್ಕ. 

ಹನ್ನೊಂದರಲ್ಲಿ ಒಂಬತ್ತು ಬದುಕಿದವು. ಕೆಲಸ ಬಿಡುತ್ತೇನೆಂದು ಹೇಳಲು ಹೋದವರನ್ನು ಡಾಕ್ಟರು ಮೈಕ್ರೋಸ್ಕೋಪಿನ ಮುಂದಿನ ಕುರ್ಚಿ ತೋರಿಸಿ ಕೂರಿಸಿದರು. "ಸತ್ತದ್ದು ಸಾಕ್ಷಿ ಹೇಳಲ್ಲಮ್ಮ. ನಾಳೆಯಿಂದ ನರಳ್ತಿರೋದನ್ನ ಕೇಳು," ಎಂದಷ್ಟೇ ಅಂದರಂತೆ. ಅಂದಿನಿಂದ ಇಂದಿನವರೆಗೆ ನಾಲ್ಕು ಸಿಕ್ಕಿದ್ದು, ಒಂದು ಹುಡುಕಿದ್ದು. ಆ ಐದನೇ ಮೀನು ಯಾವ ನಿಯಮದಲ್ಲೂ ಇಲ್ಲ, ಕಿವಿರಕ್ಕನ ಪದ್ಧತಿಯಲ್ಲಿದೆ. ಡಾಕ್ಟರು ಈಗಿಲ್ಲ. ಅವರು ಕೂರುತ್ತಿದ್ದ ಕುರ್ಚಿಯ ಮುರಿದ ಕಾಲಿಗೆ ಕಿವಿರಕ್ಕ ಎರಡು ಸಲ ಪಟ್ಟಿ ಹೊಡೆಸಿದ್ದಾರೆ; ಹೊಸದು ಕೊಡುತ್ತೇವೆಂದರೂ ಬೇಡ ಅನ್ನುತ್ತಾರೆ. "ಅವರು ಅವತ್ತು ಒಂದು ಮಾತು ಗಟ್ಟಿಯಾಗಿ ಆಡಿದ್ದಿದ್ರೆ ನಾನು ಈ ಕಡೆ ತಲೆ ಹಾಕ್ತಿರಲಿಲ್ಲ. ಆ ಋಣ ದಿನಾ ತೀರಿಸ್ತಾ ಇದ್ದೀನಿ, ತೀರೋದೇ ಇಲ್ಲ, ಒಳ್ಳೇದೇ ಆಯ್ತು," ಎಂದು ನಗುತ್ತಾರೆ.

ದಿನಕ್ಕೆ ಎರಡು ತೊಟ್ಟಿ, ಹತ್ತು ಮೀನು. ಒಂದೊಂದು ಮೀನಿಗೂ ಎರಡು ಕಡೆಯ ಕಿವಿರು. ಪ್ರತಿ ಗಾಜನ್ನೂ ಎರಡು ಸಲ ಎಣಿಸಬೇಕು, ಎರಡನೇ ಸಲ ತಿರುಗಿಸಿಟ್ಟು. ಹತ್ತು ತೊಟ್ಟಿಗೆ ಹತ್ತು ಕೈಬಲೆ. ಒಂದರ ಬಲೆ ಇನ್ನೊಂದಕ್ಕೆ ಇಳಿಯುವ ಹಾಗಿಲ್ಲ, ಹುಳುವಿನ ಮೊಟ್ಟೆ ಬಲೆಯ ನೂಲಿಗೆ ಅಂಟಿ ಹೋಗುತ್ತದೆ. ಬಲೆಗಳು ಅದಲುಬದಲಾಗದಂತೆ ಹತ್ತಕ್ಕೂ ಹತ್ತು ಬಣ್ಣದ ಬಟ್ಟೆ ಹೊಲಿದುಕೊಟ್ಟವರು ಟೈಲರ್ ಆಗಿರುವ ಅವರ ಗಂಡ, ಮನೆಯ ಯಜಮಾನರು. ಕೆಲಸ ಮುಗಿದ ಮೇಲೆ ಆ ದಿನದ ಹತ್ತು ಮರಿಗಳನ್ನು ಕಿವಿರಕ್ಕ ಕಸಕ್ಕೆ ಎಸೆಯುವುದಿಲ್ಲ. ಹಿತ್ತಲಿನ ದಾಸವಾಳದ ಬುಡದಲ್ಲಿ ಮಣ್ಣು ಕೆದರಿ ಮುಚ್ಚುತ್ತಾರೆ. "ಅಷ್ಟು ಸಾವಿರ ಮರಿಗಳ ಪರವಾಗಿ ಬಂದು ಹೇಳಿಹೋದ್ವು. ಒಂದು ಥ್ಯಾಂಕ್ಸ್ ಬೇಡ್ವಾ?" ಎನ್ನುತ್ತಾರೆ. ಆ ದಾಸವಾಳ ಸೂರಿಗಿಂತ ಎತ್ತರ ಬೆಳೆದಿದೆ.

ಕೇಂದ್ರದಿಂದ ಎರಡು ಬೀದಿ ಆಚೆ ಅವರ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ. ಯಜಮಾನರ ಕಣ್ಣು ಮಂಜಾಗಿದೆ, ಸೂಜಿಗೆ ದಾರ ಪೋಣಿಸುವುದು ಹೆಂಡತಿಯೇ. ಬೆಳಗ್ಗೆ ಹೊರಡುವ ಮುಂಚೆ ಇಪ್ಪತ್ತು ಸೂಜಿಗಳಿಗೆ ದಾರ ಹಾಕಿ ಹಲಗೆಗೆ ಚುಚ್ಚಿಟ್ಟು ಹೋಗುತ್ತಾರೆ. "ಮದುವೆಯಾದ ಹೊಸದರಲ್ಲಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡೋಳು," ಎಂದು ಯಜಮಾನರು ಚುಡಾಯಿಸುತ್ತಾರೆ. "ಈಗ ನಾಲ್ಕು ಕಣ್ಣಿರೋರು ಸಿಕ್ಕಿದ್ದಾರೆ, ಎರಡು ಕಣ್ಣಿನೋನು ಯಾಕೆ ಬೇಕು?" ಕಿವಿರಕ್ಕ ಅವರ ಕಡೆ ಚಮಚ ಬೀಸುತ್ತಾರೆ. ಮನೆಯಲ್ಲಿ ಮೀನು ತಂದ ದಿನ ಕಿವಿರು ತೆಗೆದು ಸ್ವಚ್ಛ ಮಾಡುವುದು ಯಜಮಾನರ ಪಾಲು. ಈಕೆಯ ಕೈಗೆ ಕೊಟ್ಟರೆ ಮೀನನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತುಬಿಡುತ್ತಾರೆ, ಊಟ ಆದ ಹಾಗೆಯೇ ಅಂತೆ.

ಆ ಒಂಬತ್ತು ದಿನಗಳು ಕಿವಿರಕ್ಕನಿಗೂ ಕೊಳದ ಯಜಮಾನನಿಗೂ ಉದ್ದವಾಗುತ್ತವೆ. ಮೊದಲ ಔಷಧಿ ಸ್ನಾನದ ಅರ್ಧ ಗಂಟೆ ಕಿವಿರಕ್ಕ ಅಲಾರಾಂ ಗಡಿಯಾರವನ್ನು ತೊಟ್ಟಿಯ ದಂಡೆಯ ಮೇಲಿಟ್ಟು ಕದಲದೆ ಕೂರುತ್ತಾರೆ. ಔಷಧಿ ನೀರಿನ ಗಾಳಿಯನ್ನು ಕುಡಿದುಬಿಡುತ್ತದೆ. ಪಂಪು ಒಂದು ಕ್ಷಣ ನಿಂತರೂ ಹುಳುವಿಗಿಂತ ಮುಂಚೆ ಮೀನೇ ಹೋಗುತ್ತದೆ. ಅಷ್ಟು ಎಚ್ಚರ ವಹಿಸಿದರೂ ಮಾರನೇ ದಿನ ನೂರ ಎಂಬತ್ತು ಮರಿಗಳು ತೇಲುತ್ತವೆ. ಬಹುತೇಕ ಕೊಳವೆಯ ಕೆಳಗಿನವು. ಕಿವಿರಕ್ಕ ಒಂದೊಂದಾಗಿ ಆರಿಸಿ ತೆಗೆಯುತ್ತಾರೆ.

ಕೊಳದ ಯಜಮಾನ ದಿನಾ ಫೋನು ಮಾಡುತ್ತಾನೆ. ಐದನೇ ದಿನ, "ಅಕ್ಕಾ, ಬೆಳಗ್ಗೆ ಮಂಜು ಬಿದ್ದಿತ್ತು," ಅನ್ನುತ್ತಾನೆ. ಆರನೇ ದಿನ, "ಅಕ್ಕಾ, ಮನೇಲಿ ಇವಳು ಮಣ್ಣು ಹೊಡೆಯೋರನ್ನ ವಿಚಾರಿಸ್ತಿದ್ದಾಳೆ." ಏಳನೇ ದಿನ ಫೋನು ಬರುವುದಿಲ್ಲ. ಅವತ್ತು ಕಿವಿರಕ್ಕನೇ ಮೇಡಂ ಕೋಣೆಗೆ ಹೋಗಿ ಫೋನು ಮಾಡಿಸಿ, "ನೀರಿಗೆ ಕೈಯಿಟ್ಟು ನೋಡಿದೆಯಾ? ಬೆಚ್ಚಗಿದೆ ತಾನೇ? ಹಾಗಾದ್ರೆ ಬಾಯಿ ಮುಚ್ಕೊಂಡು ಕಾಯ್ತಾ ಇರು," ಎಂದು ಗದರಿಸುತ್ತಾರೆ. ಫೋನಿಟ್ಟ ಮೇಲೆ ನೆಟ್ಟಗೆ ಆರನೇ ತೊಟ್ಟಿಗೆ ಹೋಗಿ ತಾವೂ ನೀರಿಗೆ ಕೈಯಿಟ್ಟು ನೋಡುತ್ತಾರೆ. 

ಎಂಟನೇ ದಿನ ಎರಡನೇ ಸ್ನಾನ. ಒಂಬತ್ತನೇ ದಿನ, ಮತ್ತೆ ಬೆಳಗಿನ ಐದೂವರೆ. ಲಾರಿ ಆಗಲೇ ಗೇಟಿನಲ್ಲಿದೆ. ಕೊಳದ ಯಜಮಾನ ಈ ಸಲ ಹೊರಗೆ ಕೂತಿಲ್ಲ, ಮೇಡಂ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಾನೆ. ಕಿವಿರಕ್ಕ ನೀರಿನಲ್ಲಿ ಕೈಯಿಟ್ಟು ಹೇಳಬೇಕಾದ್ದನ್ನು ಹೇಳಿ, ಕಣ್ಣು ಮುಚ್ಚಿ ನಾಲ್ಕು ಮರಿ ಹಿಡಿಯುತ್ತಾರೆ. ಐದನೆಯದಕ್ಕೆ ಎದ್ದು ಸುತ್ತು ಹಾಕುತ್ತಾರೆ. ಒಂದು ಸುತ್ತು. ಎರಡು. ಮೂರು. ಕೊಳವೆಯ ಕೆಳಗೆ ಬಗ್ಗಿ ನೋಡುತ್ತಾರೆ, ಮೂಲೆಗಳನ್ನು ನೋಡುತ್ತಾರೆ. ನಾಲ್ಕನೇ ಸುತ್ತಿಗೆ ಕೊಳದ ಯಜಮಾನನ ಮುಖ ಬಿಳಿಚಿಕೊಳ್ಳುತ್ತದೆ.

"ಏನಾಯ್ತಕ್ಕಾ? ಮತ್ತೆ ಏನಾದ್ರೂ ಬಂತಾ?"

ಕಿವಿರಕ್ಕ ನಾಲ್ಕು ಮರಿಗಳ ಜೊತೆ ಕೋಣೆಗೆ ಹೋಗುತ್ತಾರೆ. ಸೊನ್ನೆ. ಸೊನ್ನೆ. ಸೊನ್ನೆ. ಸೊನ್ನೆ. ಗಾಜು ತಿರುಗಿಸಿಟ್ಟು ಎಣಿಸಿದರೂ ಅಷ್ಟೇ. ಮತ್ತೆ ಹೊರಗೆ ಬಂದು ತೊಟ್ಟಿಯನ್ನು ಐದನೇ ಸಲ ಸುತ್ತಿ, ಬರಿಗೈಯಲ್ಲಿ ನಿಲ್ಲುತ್ತಾರೆ.

"ಮೇಡಂ, ಐದನೆಯದು ಸಿಗ್ತಿಲ್ಲ."

"ಸಿಗ್ತಿಲ್ಲ ಅಂದ್ರೆ? ತೊಟ್ಟಿ ತುಂಬ ಮೀನಿದೆ!"

"ಮೀನಿದೆ. ನರಳೋದು ಒಂದೂ ಇಲ್ಲ. ಎಲ್ಲ ಗುಂಪಲ್ಲೇ ಇವೆ, ಗೋಡೆಗೆ ಉಜ್ಜೋದಿಲ್ಲ, ಬಾಯಿ ಬಿಡೋದಿಲ್ಲ. ಯಾವುದನ್ನ ಹಿಡೀಲಿ ಹೇಳಿ?" ಎನ್ನುವಾಗ ಅವರ ಕಣ್ಣು ತುಂಬಿ ಬಂದಿದೆ. ಸೆಟೆದು ನಿಂತಿದ್ದ ಮೇಡಂ ನಕ್ಕುಬಿಡುತ್ತಾರೆ. ಹಾಳೆಯ ಐದನೇ ಸಾಲಿನ ಮೇಲೆ ಪೆನ್ನಿಟ್ಟು, "ಇಲ್ಲಿ ಏನು ಬರೀಲಿ ಅಕ್ಕ?" ಎಂದು ಕೇಳುತ್ತಾರೆ.

"ಹುಡುಕಿದೆವು, ಸಿಗಲಿಲ್ಲ ಅಂತ ಬರೀರಿ. ಒಂದು ಜೀವ ಉಳೀತು."

ಮೇಡಂ ಹಾಗೆಯೇ ಬರೆದು ಸಹಿ ಹಾಕುತ್ತಾರೆ. ಏಳೂವರೆಯ ಹೊತ್ತಿಗೆ ಮರಿಗಳಿರುವ, ನೀರು ಗಾಳಿ ತುಂಬಿದ ಚೀಲಗಳು ಲಾರಿಯಲ್ಲಿವೆ. ಹೊರಡುವ ಮುಂಚೆ ಕೊಳದ ಯಜಮಾನ ಕಿವಿರಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾನೆ.  "ಅಪ್ಪ ಇದ್ದಿದ್ರೆ ನಿಮ್ಮ ಕಾಲಿಗೆ ಬೀಳ್ತಿದ್ರಕ್ಕ," ಎನ್ನುತ್ತಾನೆ. "ದೊಡ್ಡವಾದ ಮೇಲೆ ಮೊದಲನೇ ಮೀನು ನಿಮಗೇ. ನಾನೇ ತಂದು ಕೊಡ್ತೀನಿ. ಬೇಡ ಅನ್ಬಾರದು."

ಕಿವಿರಕ್ಕ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಲಕ್ಷ ಮರಿಗಳನ್ನು ಈ ಗೇಟಿನಿಂದ ಕಳಿಸಿಕೊಟ್ಟರೋ, ಅವುಗಳಲ್ಲಿ ಒಂದನ್ನೂ ಅವರು ಬೆರಳುದ್ದಕ್ಕಿಂತ ದೊಡ್ಡದಾಗಿ ಕಂಡಿಲ್ಲ. ಹತ್ತಿರದಿಂದ ಕಂಡವೆಲ್ಲ ಗಾಜಿನ ಮೇಲೆ ಬಂದವು, ದಾಸವಾಳದ ಬುಡ ಸೇರಿದವು.

"ತರಬೇಡಪ್ಪ," ಎನ್ನುತ್ತಾರೆ. "ಕೊಡಲೇಬೇಕು ಅಂತಿದ್ರೆ ಒಂದು ಕೆಲಸ ಮಾಡು. ನೀನು ಬಲೆ ಹಾಕೋ ದಿನ ಬೇಡ, ಅದರ ಹಿಂದಿನ ದಿನ ನನ್ನ ಕರಿ. ದಂಡೆ ಮೇಲೆ ಕೂತು ಅವು ಈಜೋದನ್ನ ನೋಡ್ಕೊಂಡು ಬಂದುಬಿಡ್ತೀನಿ."